ಬೀಗದಣ್ಣನ ಮೂವತ್ತಮೂರು ಜಿಬಿ

ಆ ಹೆರಿಗೆ ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರ ಬಾಯಲ್ಲೂ ಅವನು ಬೀಗದಣ್ಣ. ನೆಲಮಾಳಿಗೆಯ ಸರ್ವರ್ ಕೋಣೆಯ ಬೀಗದ ಕೈ ಇಪ್ಪತ್ತೆರಡು ವರ್ಷದಿಂದ ಅವನ ಕೊರಳಲ್ಲೇ ನೇತಾಡುತ್ತಿತ್ತು. ಊಟಕ್ಕೆ ಬಗ್ಗಿದಾಗ ತಟ್ಟೆಗೆ ತಾಗಿ ಟಿಣ್ ಎನ್ನುತ್ತಿತ್ತು. ಅವನು ಮೆಟ್ಟಿಲು ಹತ್ತಿ ಬರುವುದು ಕಾಣುವ ಮೊದಲೇ ಕೇಳಿಸುತ್ತಿತ್ತು.

ಅವನು ಕೆಲಸಕ್ಕೆ ಸೇರಿದ್ದು ಫ್ಯಾನು, ದೀಪ, ಸ್ವಿಚ್ಚು ರಿಪೇರಿಗೆ. ಆಗಿದ್ದ ಕಂಪ್ಯೂಟರಿನವರು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರು. ‘ಹೊಸಬರು ಬರೋ ತನಕ ನೀನೇ ಸ್ವಲ್ಪ ನೋಡ್ಕೊಳಪ್ಪ’ ಎಂದು ಕಚೇರಿಯವರು ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದರು. ಹೊಸಬರು ಬರಲಿಲ್ಲ. ಆ ‘ಸ್ವಲ್ಪ’ ಅವನ ಅರ್ಧ ಆಯುಸ್ಸಾಯಿತು. ಕೋಣೆಯಲ್ಲಿದ್ದದ್ದು ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಓಡುವ ಒಂದು ಮಿಷನ್ನು. ಅದರೊಳಗೆ ಆಸ್ಪತ್ರೆಯ ಡೇಟಾಬೇಸು: ಯಾವ ತಾಯಿ, ಯಾವ ಮಗು, ಎಷ್ಟು ತೂಕ, ಎಷ್ಟು ಹೊತ್ತಿಗೆ ಹುಟ್ಟಿತು, ಯಾವ ಔಷಧಿ, ಎಲ್ಲ. ಹಿಂದಿನವರು ಬಿಟ್ಟುಹೋಗಿದ್ದ ಎರಡು ಹಾಳೆ ಟಿಪ್ಪಣಿಯನ್ನು ಅಕ್ಷರ ಅಕ್ಷರ ಓದಿ, ಕಪ್ಪು ಪರದೆಯ ಮೇಲೆ ಯಾವ ಆಜ್ಞೆ ಹೊಡೆದರೆ ಏನು ಬರುತ್ತದೆಂದು ಒಂದೊಂದಾಗಿ ಕಲಿತ. ಆ ಕೋಣೆಯ ಎ.ಸಿ. ಚಳಿಗೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡಿರುತ್ತಿದ್ದ. ಅದೇ ಸ್ವೆಟರಿನಲ್ಲಿ ಬಿಸಿಲಿಗೆ ಬಂದಾಗ ಚಹಾದಂಗಡಿಯವನು, ‘ಏನಣ್ಣ, ಒಳಗಡೆ ಯಾವ ಬೆಟ್ಟ ಹತ್ತಿ ಬಂದ್ರಿ?’ ಎಂದು ರೇಗಿಸುತ್ತಿದ್ದ.

ಮೆಮೊರಿ ಎಂದರೇನು ಎಂದು ಯಾರಾದರೂ ಹೊಸ ನರ್ಸು ಕೇಳಿದರೆ ಬೀಗದಣ್ಣನ ಉತ್ತರ ಸಿದ್ಧವಾಗಿರುತ್ತಿತ್ತು. ‘ಬೀರು ಬೇರೆ, ಮೇಜು ಬೇರೆ ಕಣಮ್ಮ. ಕಾಗದ ಎಲ್ಲ ಇರೋದು ಬೀರುಲಿ. ಕೆಲಸ ಮಾಡ್ಬೇಕು ಅಂದ್ರೆ ಮೇಜಿನ ಮೇಲೆ ತಂದು ಹರಡ್ಕೋಬೇಕು. ಆ ಮೇಜೇ ಮೆಮೊರಿ. ಮೇಜು ತುಂಬಿತು ಅಂದ್ರೆ ಕಾಗದ ನೆಲಕ್ಕೆ ಇಟ್ಕೊಂಡು ಬಗ್ಗಿ ಏಳ್ಬೇಕು. ಮಿಷನ್ನು ಏದುಸಿರು ಬಿಡತ್ತೆ.’

ಮೇಜು ತುಂಬದಂತೆ ನೋಡಿಕೊಳ್ಳುವುದೇ ಅವನ ಬದುಕಿನ ದೊಡ್ಡ ಚಿಂತೆ. ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಉದ್ದನೆಯ ಒಂದು ರಿಜಿಸ್ಟರ್ ತೆಗೆದು, ಸ್ಕೇಲಿನಲ್ಲಿ ಗೆರೆ ಎಳೆದು, ಮೆಮೊರಿಯ ಲೆಕ್ಕ ಬರೆಯುತ್ತಿದ್ದ. ಯಾವುದೇ ವಾರ್ಡಿನ ಕಂಪ್ಯೂಟರ್ ಪರದೆಯಿಂದ ಯಾರೇ ಒಳಗೆ ಬಂದರೂ ಡೇಟಾಬೇಸು ಅವರ ಸೇವೆಗೆಂದು ಒಂದು ಪ್ರೋಸೆಸ್ ಹುಟ್ಟಿಸುತ್ತದೆ. ಬೀಗದಣ್ಣ ಅದಕ್ಕೆ ‘ಆಳು’ ಎನ್ನುತ್ತಿದ್ದ. ನೂರು ಪರದೆಗೆ ನೂರು ಆಳು. ಒಬ್ಬೊಬ್ಬ ಆಳಿನ ಮುಂದೆ ಅವನು ಹಿಡಿದಿರುವ ಮೆಮೊರಿ ಎಷ್ಟೆಂದು ಮಿಷನ್ನೇ ತೋರಿಸುತ್ತದೆ. ಅದನ್ನೆಲ್ಲ ಕೂಡಿ ‘ಒಟ್ಟು’ ಎಂಬ ಅಂಕಣದಲ್ಲಿ ಬರೆಯುವುದು. ಪಕ್ಕದಲ್ಲಿ ‘ಚೆಲ್ಲಿದ್ದು’ ಎಂಬ ಇನ್ನೊಂದು ಅಂಕಣ. ಮೇಜು ಸಾಲದೆ ನೆಲಕ್ಕೆ, ಅಂದರೆ ಡಿಸ್ಕಿಗೆ, ಇಳಿಸಿದ್ದು ಎಷ್ಟು ಎಂಬುದಕ್ಕೆ. ಅಲ್ಲಿ ವರ್ಷಗಟ್ಟಲೆ ಸೊನ್ನೆ. ದುಂಡಗಿನ, ಒಂದೇ ಅಳತೆಯ ಸೊನ್ನೆಗಳು.

ಇಪ್ಪತ್ತೆರಡು ವರ್ಷದಲ್ಲಿ ಹಳೆಯ ಮಿಷನ್ನು ಹೋಗಿ ಹೊಸದು ಬಂತು, ಅದೂ ಹೋಗಿ ಇನ್ನೊಂದು ಬಂತು. ರಿಜಿಸ್ಟರುಗಳು ಏಳಾದವು. ಅವನ್ನು ತೆರೆದು ನೋಡಿದ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ. ಒಮ್ಮೆ ಯಾರೋ ಅದರ ಮೇಲೆ ಟೀ ಲೋಟ ಇಟ್ಟಿದ್ದರು, ಅಷ್ಟೆ.

ಹೊಸ ಮೇಡಂ ಬಂದ ಮೇಲೆ ಅದು ಬದಲಾಯಿತು. ಕಂಪ್ಯೂಟರ್ ವಿಭಾಗಕ್ಕೆಲ್ಲ ಮುಖ್ಯಸ್ಥೆಯಾಗಿ ಬಂದ ಆಕೆಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ನಡಿಗೆ ಚುರುಕು, ಮಾತು ಚುರುಕು. ಒಂದು ದಿನ ಸರ್ವರ್ ಕೋಣೆಗೆ ಇಳಿದು ಬಂದವರು ಆ ಏಳು ಪುಸ್ತಕಗಳನ್ನು ನೋಡಿ, ‘ಇದೇನಣ್ಣ ಇದು?’ ಎಂದರು. ಕೊನೆಯ ಎರಡನ್ನು ಎತ್ತಿಕೊಂಡು ಹೋದರು. ಎರಡು ದಿನ ಇಟ್ಟುಕೊಂಡಿದ್ದರು. ಗುರುವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ರಿಜಿಸ್ಟರನ್ನು ಎತ್ತಿ ಹಿಡಿದು, ‘ಇಂಥ ಕೆಲಸ ನಾನು ಯಾವ ಆಫೀಸಲ್ಲೂ ನೋಡಿಲ್ಲ’ ಎಂದರು. ಬೀಗದಣ್ಣನ ಕಿವಿಯ ತುದಿ ಕೆಂಪಾಯಿತು. ಎಲ್ಲಿ ನೋಡಬೇಕೆಂದು ತೋಚದೆ ತನ್ನ ಚಪ್ಪಲಿ ನೋಡಿದ.

ಆದರೆ ಮೇಡಂ ಮಾತು ಅಲ್ಲಿಗೇ ನಿಲ್ಲಲಿಲ್ಲ. ‘ಈ ಮಿಷನ್ನಲ್ಲಿ ಇರೋ ಮೆಮೊರಿ ಮೂವತ್ತೆರಡು ಜಿಬಿ. ಮೂರು ತಿಂಗಳ ಹಿಂದೆ ತನಕ ಇವರ ಲೆಕ್ಕ ಮೂವತ್ತರಲ್ಲಿತ್ತು. ಎಳೆಮಕ್ಕಳ ವಾರ್ಡಿಗೆ ಹನ್ನೆರಡು ಪರದೆ ಕೊಟ್ವಲ್ಲ, ಅವತ್ತಿಂದ ಮೂವತ್ತಮೂರು. ದಿನಾ ಹತ್ತು ಗಂಟೆಗೆ ಇಡೀ ಆಸ್ಪತ್ರೆ ಕಂಪ್ಯೂಟರ್ ತೆವಳ್ತಾ ಇರೋದು ಯಾಕೆ ಅಂತ ಈಗ ಗೊತ್ತಾಯ್ತು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಹನ್ನೆರಡು ಪರದೆ ತೆಗೆದುಬಿಡೋಣ. ನರ್ಸುಗಳು ಮೊದಲಿನ ಥರ ಕೌಂಟರಿಗೆ ಬಂದು ಬರೀಲಿ.’

ಬೀಗದಣ್ಣ ತಲೆಯೆತ್ತಿದ. ಬೇಡ ಎನ್ನಬೇಕೆನಿಸಿತು. ಎನ್ನುವುದು ಹೇಗೆ? ಮೂವತ್ತಮೂರು ಎಂದು ಬರೆದಿದ್ದದ್ದು ಅವನದೇ ಕೈ.

ಮೀಟಿಂಗ್ ಮುಗಿಸಿ ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಎಳೆಮಕ್ಕಳ ವಾರ್ಡಿನ ದೊಡ್ಡ ಸಿಸ್ಟರ್ ಅಡ್ಡ ನಿಂತಿದ್ದರು. ಸೊಂಟದ ಮೇಲೆ ಕೈ.

‘ಏನ್ರಿ ಬೀಗದಣ್ಣ, ನಿಮ್ಮ ಪುಸ್ತಕ ನಮ್ಮ ಪರದೆ ನುಂಗ್ತಂತೆ?’

‘ಸಿಸ್ಟರ್, ಅದು...’

‘ಅದೂ ಇಲ್ಲ ಇದೂ ಇಲ್ಲ. ತೊಟ್ಟಿಲ ಪಕ್ಕಾನೇ ನಿಂತು ತೂಕ, ಜ್ವರ, ಹಾಲು ಬರೀತಾ ಇದೀವಿ. ಮೂರು ತಿಂಗಳಲ್ಲಿ ಒಂದು ಚೀಟಿ ಕಳೆದಿಲ್ಲ. ಕೌಂಟರಿಗೆ ನಲವತ್ತು ಹೆಜ್ಜೆ ಇದೆ, ಎಣಿಸಿದೀನಿ. ಒಂದೂವರೆ ಕೆಜಿ ಮಗೂನ ಬಿಟ್ಟು ನಲವತ್ತು ಹೋಗಿ ನಲವತ್ತು ಬರ್ಲಾ? ಆ ಹೊತ್ತಲ್ಲಿ ಅದಕ್ಕೆ ಉಸಿರು ಸಿಕ್ಕಿಕೊಂಡ್ರೆ ನಿಮ್ಮ ಪುಸ್ತಕ ಬಂದು ಬೆನ್ನು ತಟ್ಟತ್ತಾ?’

ಅವನು ಕೊರಳಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಸಿಸ್ಟರ್ ಅವನ ಮುಖ ನೋಡಿದರು, ಸ್ವಲ್ಪ ಮೆತ್ತಗಾದರು. ‘ಹೋಗ್ಲಿ ಬಿಡಿ. ನಿಮ್ಮನ್ನ ಬಯ್ದು ಏನ್ ಮಾಡ್ಲಿ. ಮನೇಲಿ ಮೊಮ್ಮಗಳು ಹೇಗಿದಾಳೆ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹತ್ತಿ ಹೋದರು.

ಮೊಮ್ಮಗಳು ಹುಟ್ಟಿ ಇಪ್ಪತ್ತಮೂರು ದಿನವಾಗಿತ್ತು. ಮಗಳು, ಅಳಿಯ ಅವನ ಮನೆಯಿದ್ದ ಕಟ್ಟಡದ ಮೇಲಿನ ಮಹಡಿಯಲ್ಲೇ ಇದ್ದರು. ಈಗ ಎರಡು ಮನೆಯ ಬಾಗಿಲೂ ಹಗಲೆಲ್ಲ ತೆರೆದೇ ಇರುತ್ತಿದ್ದವು. ಮಗು ಸಣ್ಣದು. ತಾಯಿಯ ಹಾಲು ಸಾಲದೆಂದು ಡಾಕ್ಟರು ಬಾಟಲಿ ಹಾಲು ಬರೆದುಕೊಟ್ಟು, ‘ದಿನಕ್ಕೆ ಸುಮಾರು ನಾನೂರ ಎಂಬತ್ತು ಎಂಎಲ್. ತೀರ ಕಮ್ಮಿನೂ ಬೇಡ, ತೀರ ಹೆಚ್ಚೂ ಬೇಡ’ ಎಂದಿದ್ದರು. ಅಷ್ಟು ಸಾಕಿತ್ತು ಮಗಳಿಗೆ. ಫ್ರಿಜ್ಜಿನ ಹಿಡಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ಕು ನೇತುಹಾಕಿದಳು, ಪೆನ್ನನ್ನೂ ಕಟ್ಟಿದಳು. ‘ಯಾರೂ ಮರೀಬೇಡಿ, ತಪ್ಪದೆ ಬರೀಬೇಕು’ ಎಂದು ಮನೆಯವರಿಗೆಲ್ಲ ಅಪ್ಪಣೆಯಾಯಿತು. ಮಗು ಅತ್ತರೆ ಹೊಟ್ಟೆನೋವೇ ಎಂದು ಹೆದರುವಳು, ಅಳದಿದ್ದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಕೆಳಗೆ ಬೆರಳಿಡುವಳು. ಸೀನಿದರೆ ಅಪ್ಪನಿಗೆ ಫೋನು. ಎರಡು ಸಲ ಸೀನಿದರೆ ಡಾಕ್ಟರಿಗೆ ಫೋನು.

ಶುಕ್ರವಾರ ಸಂಜೆ ಬೀಗದಣ್ಣ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಮೇಲಿನಿಂದ ಕೂಗು ಬಂತು. ‘ಅಪ್ಪಾ! ಬೇಗ ಬಾ! ಅಪ್ಪಾ!’

ಅವನು ಚಪ್ಪಲಿ ಕಾಲಲ್ಲೇ ಎರಡೆರಡು ಮೆಟ್ಟಿಲು ಹಾರಿ ಓಡಿದ. ಮಗಳು ನೋಟ್‌ಬುಕ್ಕನ್ನು ದಾರದ ಸಮೇತ ಕಿತ್ತು ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಕಣ್ಣಲ್ಲಿ ನೀರು. ಮಗು ಮಾತ್ರ ಅಜ್ಜಿಯ ತೋಳಲ್ಲಿ ಲೋಕದ ಗೊಡವೆಯಿಲ್ಲದೆ ಆಕಳಿಸುತ್ತಿತ್ತು.

‘ಸಾವಿರದ ನೂರ ನಲವತ್ತು ಅಪ್ಪಾ! ನಿನ್ನೆ ಸಂಜೆಯಿಂದ ಇವತ್ತು ಸಂಜೆಗೆ ಸಾವಿರದ ನೂರ ನಲವತ್ತು ಎಂಎಲ್ ಕುಡಿದಿದೆ! ಎರಡರಷ್ಟಕ್ಕಿಂತ ಜಾಸ್ತಿ! ಹೊಟ್ಟೆ ಒಡೆದು ಹೋಗಲ್ವಾ? ಮೂತ್ರಪಿಂಡಕ್ಕೆ ಏನಾದ್ರೂ ಆದ್ರೆ?’

‘ಎಲ್ಲಿ, ಕೊಡಿಲ್ಲಿ.’ ಅವನು ಕನ್ನಡಕ ಏರಿಸಿದ. ಹತ್ತೊಂಬತ್ತು ಸಾಲು, ಸಾಲಿಗೆ ಅರವತ್ತು. ಕೂಡಿದ್ದು ಸರಿಯಾಗೇ ಇತ್ತು. ಆರೂ ಐದಕ್ಕೆ ಅರವತ್ತು. ಆರೂ ಇಪ್ಪತ್ತಕ್ಕೆ ಅರವತ್ತು. ಆರೂ ಮುಕ್ಕಾಲಿಗೆ ಅರವತ್ತು. ‘ನಲವತ್ತು ನಿಮಿಷದಲ್ಲಿ ಮೂರು ಬಾಟಲಿ ಕುಡೀತಾ ಈ ಇರುವೆ? ಈ ಆರೂ ಐದರದ್ದು ಬರೆದೋರು ಯಾರು?’

‘ನಾನೇ. ಹಾಲು ಕಲಸಿದ ತಕ್ಷಣ ಬರ್ದೆ.’

‘ಇಪ್ಪತ್ತರದ್ದು?’

ಅಳಿಯ ಬಾಗಿಲ ಹತ್ತಿರ ತಲೆ ಕೆರೆದುಕೊಂಡ. ‘ನಾನು ಮಾವ. ಕುಡಿಸಿದ್ದು ನಾನಲ್ವಾ, ಕುಡಿಸಿ ಬರ್ದೆ. ಮರೀಬೇಡಿ ಅಂದಿದ್ಲಲ್ಲ.’

‘ಮುಕ್ಕಾಲಿಂದು?’

ಬೀಗದಣ್ಣನ ಹೆಂಡತಿ ಮಗುವನ್ನು ಈ ತೋಳಿಂದ ಆ ತೋಳಿಗೆ ಬದಲಿಸಿದಳು. ‘ನನ್ನ ಮುಖ ಏನ್ ನೋಡ್ತೀರಿ? ಬಾಟಲಿ ತೊಳೆಯೋಳು ನಾನು. ತೊಳೆದಾಗ ಖಾಲಿ ಇತ್ತು, ಅಂದ್ರೆ ಕುಡಿದಿದೆ ಅಂತ ತಾನೇ? ಬರ್ದೆ.’

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಳಿಯ ಫಕ್ಕನೆ ನಕ್ಕ, ಹೆಂಡತಿ ನಕ್ಕಳು. ಮಗಳು ಅಳುತ್ತಲೇ ನಗತೊಡಗಿ, ‘ನೀವೆಲ್ಲ ಸೇರಿ ನನ್ನ ಪ್ರಾಣ ತೆಗೀತೀರಾ’ ಎಂದು ಗಂಡನ ಬೆನ್ನಿಗೆ ನೋಟ್‌ಬುಕ್ಕಿನಲ್ಲೇ ಒಂದು ಬಾರಿಸಿದಳು. ಬೀಗದಣ್ಣನೂ ನಕ್ಕ. ‘ಕಲಸಿದ್ದು ಎಂಟು ಸಲ ಅಂತ ನಿನ್ನ ಅಕ್ಷರವೇ ಹೇಳತ್ತೆ ಪುಟ್ಟಾ. ಎಂಟು ಅರವತ್ತು ನಾನೂರ ಎಂಬತ್ತು. ಡಾಕ್ಟರು ಹೇಳಿದಷ್ಟೇ. ಇರೋದು ಒಂದೇ ಬಾಟಲಿ. ಅದನ್ನ ಮುಟ್ಟಿದೋರೆಲ್ಲ ಒಂದೊಂದು ಸಲ...’

ಅವನ ನಗು ಅಲ್ಲೇ ನಿಂತಿತು.

‘ಏನಾಯ್ತ್ರೀ?’ ಎಂದಳು ಹೆಂಡತಿ.

ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತ. ಡೇಟಾಬೇಸಿನ ಆಳುಗಳು ಕಣ್ಣ ಮುಂದೆ ಬಂದು ನಿಂತಿದ್ದರು. ಎಲ್ಲ ಆಳುಗಳಿಗೂ ಸೇರಿ ಡೇಟಾಬೇಸು ನಡುವೆ ಒಂದು ದೊಡ್ಡ ಮೇಜು ಹಾಕಿರುತ್ತದೆ, ಇರುವ ಮೂವತ್ತೆರಡರಲ್ಲೇ ಆರು ಜಿಬಿಯದು. ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ. ಪ್ರತಿಯೊಬ್ಬ ಆಳೂ ‘ನಾನು ಹಿಡಿದದ್ದು ಇಷ್ಟು’ ಎಂದು ಹೇಳುವಾಗ, ಆ ಮೇಜಿನಲ್ಲಿ ತಾನು ಮುಟ್ಟಿದ ಭಾಗವನ್ನೂ ತನ್ನದೆಂದೇ ಸೇರಿಸಿ ಹೇಳುತ್ತಾನೆ. ಹೊಸ ಹನ್ನೆರಡೂ ಸೇರಿ ನೂರಮೂವತ್ತೆರಡು ಆಳು ಮುಟ್ಟಿದ ಅವೇ ಭಾಗಗಳನ್ನು ಅವನು ವಾರ ವಾರ ನೂರಮೂವತ್ತೆರಡು ಸಲ ಕೂಡಿದ್ದ. ಮೊದಲ ಮಿಷನ್ನಿನಲ್ಲಿ ಇಂಥ ಹಂಚಿಕೊಂಡ ಮೇಜು ಇರಲಿಲ್ಲ. ಆಗ ಲೆಕ್ಕ ಸರಿಯಿತ್ತು. ಮಿಷನ್ನು ಬದಲಾಯಿತು, ಅವನು ಕೂಡುವ ರೀತಿ ಬದಲಾಗಲಿಲ್ಲ. ಅದಕ್ಕೇ ಒಟ್ಟು ಮೂವತ್ತಮೂರಾದರೂ ‘ಚೆಲ್ಲಿದ್ದು’ ಅಂಕಣದಲ್ಲಿ ಸೊನ್ನೆ. ಮೂವತ್ತೆರಡು ಹಿಡಿಯುವ ಪಾತ್ರೆಯಲ್ಲಿ ಮೂವತ್ತಮೂರು ಹೇಗೆ ಕೂತಿತು, ಒಂದು ತೊಟ್ಟೂ ಯಾಕೆ ಚೆಲ್ಲಲಿಲ್ಲ ಎಂಬುದು ಮೂರು ತಿಂಗಳಿಂದ ಅವನ ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಲೇ ಇತ್ತು.

ಪರದೆ ತೆಗೆಯಬೇಕಿಲ್ಲ ಎಂದು ಹಗುರಾಯಿತು. ಬೆನ್ನಿಗೇ ಇನ್ನೊಂದು ಭಾರ ಬಂದು ಕೂತಿತು. ಕೆಳಗಿಳಿದು ಮನೆಗೆ ಬಂದ ಮೇಲೆ ಹೆಂಡತಿಗೆ ಹೇಳಿಕೊಂಡ. ಆಕೆ ಮಗುವಿನ ಅಂಗಿಗೆ ಗುಂಡಿ ಹೊಲಿಯುತ್ತ ಕುಳಿತಿದ್ದಳು.

‘ಇಪ್ಪತ್ತೆರಡು ವರ್ಷದಲ್ಲಿ ಒಬ್ರೇ ಒಬ್ರು ಕಣೇ ಆ ಪುಸ್ತಕ ತೆಗೆದು ಓದಿದ್ದು. ಎಲ್ಲರ ಮುಂದೆ ಎತ್ತಿ ಹಿಡಿದ್ರು. ಈಗ ಅವರಿಗೇ ಹೋಗಿ, ನೀವು ಹೊಗಳಿದ್ದೆಲ್ಲ ತಪ್ಪು ಲೆಕ್ಕ ಅನ್ಲಾ?’

‘ಓದಿದೋರಿಗೇ ತಾನೇ ಹೇಳ್ಬೇಕು?’ ಆಕೆ ಹಲ್ಲಲ್ಲಿ ದಾರ ಕಡಿದಳು. ‘ಓದ್ದೇ ಇರೋರಿಗೆ ಹೇಳಿ ಏನ್ ಬಂತು?’

‘ಕೆಲಸ ಗೊತ್ತಿಲ್ಲ ಇವನಿಗೆ ಅಂದ್ಕೊಂಡ್ರೆ?’

‘ಅಂದ್ಕೊಳ್ಲಿ. ಆ ನಲವತ್ತು ಹೆಜ್ಜೆ ನಡೆಯೋಳು ನೀವಲ್ಲವಲ್ಲ.’

ಶನಿವಾರ ಬೆಳಿಗ್ಗೆ ಆರೂವರೆಗೇ ಅವನು ಸರ್ವರ್ ಕೋಣೆಯಲ್ಲಿದ್ದ. ಇಷ್ಟು ವರ್ಷ ಹೊಡೆದ ಆಜ್ಞೆ ಬಿಟ್ಟು ಬೇರೊಂದನ್ನು ಹೊಡೆದ. ಅದು ಒಬ್ಬ ಆಳಿನ ಮೆಮೊರಿಯನ್ನು ತುಂಡು ತುಂಡಾಗಿ ಬಿಡಿಸಿ, ಇದು ಅವನ ಸ್ವಂತದ್ದು, ಇದು ಹಂಚಿಕೊಂಡದ್ದು ಎಂದು ತೋರಿಸುತ್ತದೆ. ಮೊದಲನೆಯ ಆಳು: ತೋರಿಕೆಗೆ ಇನ್ನೂರೈವತ್ತು ಎಂಬಿ, ಅದರಲ್ಲಿ ಸ್ವಂತದ್ದು ಇಪ್ಪತ್ತು. ಎರಡನೆಯವನು: ಸ್ವಂತದ್ದು ಹತ್ತೊಂಬತ್ತು. ಹೀಗೆ ಹತ್ತು ಆಳುಗಳನ್ನು ನೋಡಿ, ಸಮಾಧಾನವಾಗದೆ ಇನ್ನೂ ಹತ್ತು ನೋಡಿದ. ನೂರಮೂವತ್ತೆರಡು ಆಳಿಗೆ ಇಪ್ಪತ್ತಿಪ್ಪತ್ತರಂತೆ ಎರಡೂಮುಕ್ಕಾಲು ಜಿಬಿಯೂ ಆಗಲಿಲ್ಲ. ಹಂಚಿಕೊಂಡ ಮೇಜು ಆರು, ಒಂದೇ ಸಲ. ಎಲ್ಲ ಸೇರಿ ಒಂಬತ್ತರೊಳಗೆ. ಮೂವತ್ತಮೂರು ಎಂದು ಬರೆದ ಕಡೆ ಒಂಬತ್ತೂ ಇರಲಿಲ್ಲ.

ಒಂಬತ್ತಕ್ಕೆ ಮೇಡಂ ಬಂದರು, ಅವನು ಅವರ ಕೋಣೆಗೆ ಹೋದ. ಅವರ ಮೇಜಿನ ಮೇಲೆ ಅವನ ರಿಜಿಸ್ಟರ್ ಇನ್ನೂ ತೆರೆದೇ ಇತ್ತು. ಬಣ್ಣ ಬಣ್ಣದ ಚೀಟಿ ಅಂಟಿಸಿ ಗುರುತು ಮಾಡಿಕೊಂಡಿದ್ದರು. ಅವನು ಒಂದು ಚೀಟಿಯ ತುದಿ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ.

‘ಮೇಡಂ, ಆ ಒಟ್ಟು ತಪ್ಪು.’

‘ಯಾವ ವಾರದ್ದಣ್ಣ?’

‘ಎಲ್ಲ ವಾರದ್ದೂ.’

ಮೇಡಂ ಪೆನ್ನು ಕೆಳಗಿಟ್ಟರು. ಅವನು ಮೇಜಿನ ಕತೆ ಹೇಳಿದ, ಆಳುಗಳ ಕತೆ ಹೇಳಿದ. ಮಾತು ತಡವರಿಸಿದಾಗ ನಿನ್ನೆಯ ಬಾಟಲಿಯ ಕತೆಯನ್ನೂ ಹೇಳಿಬಿಟ್ಟ. ಆಕೆ ಮೊದಲು ಹುಬ್ಬು ಗಂಟಿಕ್ಕಿಕೊಂಡು ಕೇಳಿದರು, ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೇಳಿದರು. ಕೊನೆಗೆ ಕೆನ್ನೆಗೆ ಕೈಯಿಟ್ಟುಕೊಂಡರು.

‘ಕೂಡಿದ್ದು ನೀವು, ನಿಜ. ಮೂವತ್ತೆರಡರಲ್ಲಿ ಮೂವತ್ತಮೂರು ಹೇಗೆ ಹಿಡೀತು ಅಂತ ಕೇಳ್ಬೇಕಾಗಿದ್ದೋಳು ನಾನು. ಪಕ್ಕದಲ್ಲೇ ಸೊನ್ನೆ ಇದೆ, ನೋಡೇ ಇಲ್ಲ.’ ತಮ್ಮ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ, ‘ಆದ್ರೂ ಅಣ್ಣ, ಈ ಸಲ ನಾನು ಕಾಗದ ನಂಬಲ್ಲ. ಕಣ್ಣಿಗೆ ತೋರ್ಸಿ’ ಎಂದರು.

‘ತೋರಿಸ್ತೀನಿ ಮೇಡಂ.’

ಫೋನು ತಿರುಗಿಸಿದ. ‘ಸಿಸ್ಟರ್, ನಿಮ್ಮ ಹನ್ನೆರಡೂ ಪರದೆ ಒಂದ್ಸಲ ಮುಚ್ಚಿ. ನಾನು ಅಂದ ಹಾಗೆ ಒಂದೊಂದೇ ತೆರೀಬೇಕು.’

‘ಹನ್ನೆರಡು ಗಂಟೆಗೆ ಅಂದಿದ್ರಿ, ಒಂಬತ್ತೂವರೆಗೇ ಶುರು ಮಾಡಿದ್ರಾ?’

‘ತೆಗೆಯೋಕಲ್ಲ ಸಿಸ್ಟರ್, ಉಳಿಸಿಕೊಳ್ಳೋಕೆ.’

ಆ ಕಡೆಯಿಂದ ‘ಏಯ್ ಹುಡುಗೀರಾ, ಎಲ್ಲ ಮುಚ್ಚಿ!’ ಎಂಬ ದೊಡ್ಡ ದನಿ.

ಮೇಡಂ ಪರದೆಯಲ್ಲಿ ಒಂದೇ ಒಂದು ಅಂಕಿ ತೆರೆದಿಟ್ಟರು: ಇಡೀ ಮಿಷನ್ನಿನಲ್ಲಿ ಇನ್ನೂ ಬಳಸಲು ಸಿಗುವ ಮೆಮೊರಿ ಎಷ್ಟು. ರಿಜಿಸ್ಟರ್ ನಿಜವಾದರೆ ಒಂದು ಪರದೆ ತೆರೆದಾಗ ಅದು ಇನ್ನೂರೈವತ್ತು ಎಂಬಿ ಇಳಿಯಬೇಕು. ಬೀಗದಣ್ಣನ ಇವತ್ತಿನ ಮಾತು ನಿಜವಾದರೆ ಇಪ್ಪತ್ತು.

‘ಒಂದು ತೆರೀರಿ ಸಿಸ್ಟರ್.’

ಅಂಕಿ ಹತ್ತೊಂಬತ್ತು ಇಳಿಯಿತು. ಎರಡನೆಯದಕ್ಕೆ ಇಪ್ಪತ್ತೊಂದು. ಮೂರನೆಯದಕ್ಕೆ ಇಪ್ಪತ್ತು. ಮೇಡಂ ತಮ್ಮ ಚೀಟಿಯಲ್ಲಿ ಬರೆದುಕೊಳ್ಳುತ್ತ ಹೋದರು. ನಡುವೆ ವಾರ್ಡಿನಲ್ಲಿ ಒಂದು ಮಗುವಿನ ಬಟ್ಟೆ ಬದಲಿಸಬೇಕಾಯಿತು, ಎಲ್ಲ ನಿಂತಿತು. ಮತ್ತೆ ಶುರುವಾಯಿತು. ಹತ್ತನೆಯದರ ಹೊತ್ತಿಗೆ ಬೀಗದಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಅಂಕಿ ಇನ್ನೂ ಇಪ್ಪತ್ತರ ಆಸುಪಾಸಲ್ಲೇ.

ಹನ್ನೊಂದನೆಯ ಪರದೆ ತೆರೆಯಲೇ ಇಲ್ಲ. ಗಡಿಯಾರದಲ್ಲಿ ಹತ್ತು.

‘ಶುರುವಾಯ್ತು ನೋಡಿ ನಿಮ್ಮ ಮಿಷನ್ನಿನ ತೆವಳಾಟ’ ಎಂದರು ಸಿಸ್ಟರ್ ಫೋನಿನಲ್ಲಿ.

ಮೇಡಂ ಅವನನ್ನು ನೋಡಿದರು, ಅವನು ಅಂಕಿಯನ್ನು ನೋಡಿದ. ಮೆಮೊರಿ ಬೇಕಾದಷ್ಟಿತ್ತು. ‘ಮೇಜು ತುಂಬಿಲ್ಲ ಮೇಡಂ. ಯಾರೋ ಬೀರುನೇ ಜಾಲಾಡ್ತಾ ಇದಾರೆ.’ ಆಳುಗಳ ಪಟ್ಟಿ ತೆಗೆದ. ನೂರಕ್ಕೂ ಹೆಚ್ಚು ಆಳುಗಳಲ್ಲಿ ಒಬ್ಬನೇ ಒಬ್ಬ ಡಿಸ್ಕನ್ನು ಬುಡಮೇಲು ಮಾಡುತ್ತಿದ್ದ. ದಾಖಲೆ ವಿಭಾಗದವನು. ಹಳೆಯ ಹೆರಿಗೆಗಳನ್ನೆಲ್ಲ ಮೊದಲಿನಿಂದ ಎಣಿಸುವ ಒಂದು ವರದಿ, ದಿನಾ ಬೆಳಿಗ್ಗೆ ಹತ್ತಕ್ಕೆ ತಾನಾಗಿ ಏಳುವಂತೆ ಯಾರೋ ಇಟ್ಟಿದ್ದರು. ಡಾಕ್ಟರುಗಳು ವಾರ್ಡು ಸುತ್ತುವ ಹೊತ್ತಿಗೆ ಸರಿಯಾಗಿ.

ಮೇಡಂ ಇನ್ನೊಂದು ಫೋನು ಎತ್ತಿದರು. ‘ಆ ಎಣಿಕೆ ವರದಿ ಈಗಲೇ ನಿಲ್ಸಿ. ನಾಳೆಯಿಂದ ಮಧ್ಯಾಹ್ನ ಮೂರರ ಮೇಲೆ ಇಟ್ಕೊಳ್ಳಿ. ಹಾಂ, ಈಗಲೇ.’

ಹನ್ನೊಂದನೆಯ ಪರದೆ ತೆರೆಯಿತು. ಇಪ್ಪತ್ತು ಎಂಬಿ. ಮೇಡಂ ರಿಜಿಸ್ಟರನ್ನು ಮುಚ್ಚಿ ಅವನ ಕಡೆ ಸರಿಸಿದರು. ‘ಪರದೆ ತೆಗೆಯೋ ಆರ್ಡರ್ ಹರೀತೀನಿ. ನೀವು ಮುಂದಿನ ವಾರದಿಂದ ಒಂದು ಅಂಕಣ ಜಾಸ್ತಿ ಹಾಕಿ. ಸ್ವಂತದ್ದು ಒಂದು, ಹಂಚಿಕೊಂಡದ್ದು ಒಂದು. ನಂಗೆ ಪ್ರತಿ ಶನಿವಾರ ತೋರಿಸ್ಬೇಕು.’

‘ಪ್ರತಿ ಶನಿವಾರ?’

‘ಯಾಕೆ, ತೊಂದ್ರೆನಾ?’

‘ಇಲ್ಲ ಮೇಡಂ’ ಎಂದ ಬೀಗದಣ್ಣ. ಮುಂದೆ ಏನೋ ಹೇಳಬೇಕೆಂದಿದ್ದವನು ಫೋನಿಗೆ ಬಾಯಿಟ್ಟ. ‘ಸಿಸ್ಟರ್, ಹನ್ನೆರಡನೇದು ತೆರೆದುಬಿಡಿ. ಮುಗೀತು.’

‘ಒಂದು ನಿಮಿಷ ಕಾಯ್ಬೇಕು ಅಣ್ಣ.’ ಈಗ ಸಿಸ್ಟರ್ ದನಿ ತೀರ ತಗ್ಗಿತ್ತು. ‘ಈ ಪರದೆ ಪಕ್ಕದಲ್ಲಿರೋ ಮರಿ ಈಗಷ್ಟೇ ಕುಡಿದಿದೆ. ಭುಜದ ಮೇಲೆ ಹಾಕ್ಕೊಂಡಿದೀನಿ. ತೇಗು ಬರ್ಲಿ.’

ಬೀಗದಣ್ಣ ಫೋನಿಗೆ ಕೈ ಅಡ್ಡ ಹಿಡಿದು ಮೇಡಂಗೆ ಹೇಳಿದ. ಆಕೆ ಪೆನ್ನು ಹಿಡಿದ ಕೈಯಿಂದಲೇ ಸನ್ನೆ ಮಾಡಿದರು, ಆತುರವಿಲ್ಲ ಅನ್ನಿ ಎಂದು. ಇಬ್ಬರೂ ಪರದೆಯ ಮೇಲೆ ಅಲುಗದೆ ನಿಂತ ಅಂಕಿಯನ್ನು ನೋಡುತ್ತ ಕುಳಿತರು. ಫೋನಿನ ಆ ಕಡೆಯಿಂದ ಪುಟ್ಟ ಬೆನ್ನೊಂದನ್ನು ಮೆಲ್ಲಗೆ ತಟ್ಟುವ ಸದ್ದು ಕೇಳಿಸುತ್ತಲೇ ಇತ್ತು.